ಹಾರದೆ ಉಳಿದ ಗಗನಯಾತ್ರಿಗಳು



ಬೆಂಗಳೂರಿನ ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೊರಟರೆ ದಾರಿಯಲ್ಲಿ ಅಮೃತಹಳ್ಳಿ ಸಿಗುತ್ತದೆ. ಹೆಸರಿನಲ್ಲಿ ಹಳ್ಳಿ ಇದ್ದರೂ ಈಗ ಅದು ನಗರದೊಳಗೆ ಸೇರಿಹೋಗಿದೆ. ಅಲ್ಲಿನ ಮಕ್ಕಳಿಗೆ ವಿಮಾನ ನೋಡಲು ಎಲ್ಲಿಗೂ ಹೋಗಬೇಕಾಗಿಲ್ಲ. ಪಕ್ಕದಲ್ಲೇ ಜಕ್ಕೂರಿನ ಚಿಕ್ಕ ವಿಮಾನ ನಿಲ್ದಾಣ. ಅಲ್ಲಿ ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಇದೆ. ಇನ್ನಷ್ಟು ಮುಂದೆ ಹೋದರೆ ಯಲಹಂಕದ ವಾಯುಪಡೆ ನೆಲೆ. 1996ರಿಂದ ಅಲ್ಲಿ ಎರಡು ವರ್ಷಕ್ಕೊಮ್ಮೆ ‘ಏರೋ ಇಂಡಿಯಾ’ ಪ್ರದರ್ಶನ ನಡೆಯುತ್ತಾ ಬಂದಿದೆ. ಆ ದಿನಗಳಲ್ಲಿ ಸುತ್ತಲಿನ ಮನೆಗಳ ಮಹಡಿಯ ಮೇಲೆಲ್ಲ ಜನ!

ಅಮೃತಹಳ್ಳಿಯ ಶಾಲೆಯೊಂದಕ್ಕೆ ಬಾಹ್ಯಾಕಾಶದ ಪಾಠ ಮಾಡಲು ಹೋಗಿದ್ದೆ. ರಾಕೇಶ್ ಶರ್ಮಾ ಅವರ ಕಥೆಯನ್ನು ಹೇಳಿ ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ಏಳನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. “ಮೇಡಂ, ಅವರ ಜೊತೆ ಇನ್ನೊಬ್ರು ಟ್ರೈನಿಂಗ್ ತಗೊಂಡಿದ್ರು ಅಂದ್ರಲ್ಲ, ಅವರು ಯಾಕೆ ಹೋಗ್ಲಿಲ್ಲ? ಆಮೇಲೆ ಅವರು ಏನಾದ್ರು?” ಎಂದು ಕೇಳಿದಳು. ಅವಳು ಶಾಲೆಯ ಕಬಡ್ಡಿ ತಂಡದಲ್ಲಿದ್ದಾಳೆ. ಆದರೆ ಯಾವಾಗಲೂ ಅಂಕಣದ ಹೊರಗೆ ಕೂರುವ ಬದಲಿ ಆಟಗಾರ್ತಿ ಎಂದು ಅಲ್ಲಿನ ಶಿಕ್ಷಕರಿಂದ ನಂತರ ತಿಳಿಯಿತು. ಅವಳಿಗೆ ಅಂದು ಎರಡೇ ಮಾತಿನಲ್ಲಿ ಉತ್ತರ ಹೇಳಿ ಬಂದಿದ್ದೆ. ಪೂರ್ತಿ ಉತ್ತರವನ್ನು ಈಗ ನಿಮ್ಮೆಲ್ಲರಿಗೂ ಹೇಳುತ್ತೇನೆ.

ಸಿನಿಮಾದ ಪೈಲಟ್, ನಿಜವಾದ ಪೈಲಟ್

ಟಿವಿಯಲ್ಲಿ ಅಂತರಿಕ್ಷ ಯುದ್ಧದ ಚಿತ್ರಗಳನ್ನು ನೀವು ನೋಡಿರಬಹುದು. ನಾಯಕನ ನೌಕೆ ಮುಂದೆ ಹಾರುತ್ತದೆ. ಅದರ ಅಕ್ಕಪಕ್ಕದಲ್ಲಿ ಇನ್ನೂ ಕೆಲವು ನೌಕೆಗಳಿರುತ್ತವೆ. ಅವುಗಳ ಪೈಲಟ್‌ಗಳು ಒಂದೆರಡು ಮಾತು ಆಡಿ ಮರೆಯಾಗುತ್ತಾರೆ. 1977ರಲ್ಲಿ ಬಂದ ‘ಸ್ಟಾರ್ ವಾರ್ಸ್’ ಎಂಬ ಅಮೆರಿಕದ ಚಿತ್ರದಲ್ಲಿ ವೆಡ್ಜ್ ಆಂಟಿಲೀಸ್ ಎಂಬ ಅಂಥದೊಂದು ಸಣ್ಣ ಪಾತ್ರವಿದೆ. ನಾಯಕನ ಹೆಸರು ಎಲ್ಲರಿಗೂ ಗೊತ್ತು. ಪಕ್ಕದಲ್ಲಿ ಹಾರಿದ ಈತನ ಹೆಸರು ಗೊತ್ತಿರುವವರು ಕಡಿಮೆ.

ನಿಜವಾದ ಬಾಹ್ಯಾಕಾಶ ಯಾನದಲ್ಲಿಯೂ ಇಂಥ ಪೈಲಟ್‌ಗಳಿದ್ದಾರೆ. ಅವರನ್ನು ‘ಮೀಸಲು ಗಗನಯಾತ್ರಿ’ ಎನ್ನುತ್ತಾರೆ. ಇವರು ಮುಖ್ಯ ಗಗನಯಾತ್ರಿಯಷ್ಟೇ ಕಲಿಯುತ್ತಾರೆ, ಅಷ್ಟೇ ಅಭ್ಯಾಸ ಮಾಡುತ್ತಾರೆ, ಅದೇ ಪರೀಕ್ಷೆಗಳನ್ನು ಬರೆಯುತ್ತಾರೆ. ರಾಕೆಟ್ ಮೇಲೇರುವಾಗ ಮಾತ್ರ ನೆಲದ ಮೇಲೆ ನಿಂತಿರುತ್ತಾರೆ. ನಮ್ಮ ದೇಶದ ಮೊದಲ ಮೀಸಲು ಗಗನಯಾತ್ರಿ ರವೀಶ್ ಮಲ್ಹೋತ್ರಾ. ಅವರು ಆ ಕೆಲಸಕ್ಕೆ ಹೊರಟದ್ದು ನಮ್ಮ ಬೆಂಗಳೂರಿನಿಂದ.

ಒಂದು ಆಸನ, ಇಬ್ಬರು ಪೈಲಟ್‌ಗಳು

ರವೀಶ್ ಮಲ್ಹೋತ್ರಾ 1943ರ ಡಿಸೆಂಬರ್ 25ರಂದು ಲಾಹೋರಿನಲ್ಲಿ ಹುಟ್ಟಿದರು. ಬೆಳೆದು ಭಾರತೀಯ ವಾಯುಪಡೆ ಸೇರಿದರು. ಮುಂದೆ ಪರೀಕ್ಷಾ ಪೈಲಟ್ ಆದರು. ಪರೀಕ್ಷಾ ಪೈಲಟ್ ಎಂದರೆ ಯಾರು? ಹೊಸ ವಿಮಾನವನ್ನು, ಅಥವಾ ಹಳೆಯ ವಿಮಾನಕ್ಕೆ ಅಳವಡಿಸಿದ ಹೊಸ ಉಪಕರಣವನ್ನು ಹಾರಿಸಿ ನೋಡಿ, ಅದು ಸರಿಯಾಗಿದೆಯೇ ಎಂದು ಹೇಳುವವರು. “ವಿಮಾನ ಸ್ವಲ್ಪ ನಡುಗಿತು” ಎಂದರೆ ಸಾಲದು. ಎಷ್ಟು ವೇಗದಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ಸೆಕೆಂಡು ನಡುಗಿತು ಎಂಬುದನ್ನು ಹೇಳಬೇಕು. ಹೆದರಿಕೆಯ ಹೊತ್ತಿನಲ್ಲಿಯೂ ಅಳತೆ ತಪ್ಪಬಾರದು. ಆದ್ದರಿಂದಲೇ ಎಷ್ಟೋ ದೇಶಗಳು ತಮ್ಮ ಮೊದಲ ಗಗನಯಾತ್ರಿಗಳನ್ನು ವಾಯುಪಡೆಯ ಪೈಲಟ್‌ಗಳಿಂದ ಆರಿಸಿಕೊಂಡವು. ಭಾರತದಲ್ಲಿ ಪರೀಕ್ಷಾ ಪೈಲಟ್‌ಗಳು ತಯಾರಾಗುವ ವಾಯುಪಡೆಯ ಶಾಲೆ ಇರುವುದು ಬೆಂಗಳೂರಿನಲ್ಲಿ. ಮಲ್ಹೋತ್ರಾ ಅವರು ಕೆಲಸ ಮಾಡುತ್ತಿದ್ದ ವಿಮಾನ ಪರೀಕ್ಷಾ ಕೇಂದ್ರವೂ ಇಲ್ಲಿಯೇ ಇತ್ತು.

ಆಗ ಸೋವಿಯತ್ ಒಕ್ಕೂಟ ಎಂಬ ದೊಡ್ಡ ದೇಶವಿತ್ತು. ರಷ್ಯಾ ಅದರ ಭಾಗವಾಗಿತ್ತು. ಆ ದೇಶ ತನ್ನ ನೌಕೆಯಲ್ಲಿ ಒಬ್ಬ ಭಾರತೀಯನನ್ನು ಕರೆದೊಯ್ಯಲು ಮುಂದೆ ಬಂದಿತು. 1982ರಲ್ಲಿ ಅನೇಕ ಪೈಲಟ್‌ಗಳನ್ನು ಪರೀಕ್ಷಿಸಿ ಇಬ್ಬರನ್ನು ಆರಿಸಲಾಯಿತು. ಒಬ್ಬರು ರವೀಶ್ ಮಲ್ಹೋತ್ರಾ. ಇನ್ನೊಬ್ಬರು ಅವರಿಗಿಂತ ಐದು ವರ್ಷ ಚಿಕ್ಕವರಾದ ರಾಕೇಶ್ ಶರ್ಮಾ. ಹುದ್ದೆಯಲ್ಲಿಯೂ ಮಲ್ಹೋತ್ರಾ ಹಿರಿಯರು. ನೌಕೆಯಲ್ಲಿ ಭಾರತೀಯರಿಗೆ ಇದ್ದದ್ದು ಒಂದೇ ಆಸನ. ಇಬ್ಬರೂ ಮಾಸ್ಕೋ ಬಳಿಯ ‘ಸ್ಟಾರ್ ಸಿಟಿ’ಗೆ ಹೋದರು. ಯೂರಿ ಗಗಾರಿನ್ ಹೆಸರಿನ ಗಗನಯಾತ್ರಿ ತರಬೇತಿ ಕೇಂದ್ರ ಇರುವುದು ಅಲ್ಲಿ. ಸುಮಾರು ಒಂದೂವರೆ ವರ್ಷ ಅವರ ತರಬೇತಿ ನಡೆಯಿತು.

ತರಬೇತಿಯಲ್ಲಿ ಏನೇನು ಇರುತ್ತದೆ?

ಮೊದಲನೆಯದು ಭಾಷೆ. ನೌಕೆಯೊಳಗಿನ ಸ್ವಿಚ್ಚುಗಳ ಮೇಲೆ, ಪುಸ್ತಕಗಳಲ್ಲಿ, ರೇಡಿಯೋ ಮಾತುಕತೆಯಲ್ಲಿ ಎಲ್ಲವೂ ರಷ್ಯನ್. ಹಾಗಾಗಿ ಇಬ್ಬರು ಯುದ್ಧ ವಿಮಾನದ ಪೈಲಟ್‌ಗಳು ಮತ್ತೆ ವಿದ್ಯಾರ್ಥಿಗಳಂತೆ ಕೂತು ಹೊಸ ಅಕ್ಷರಮಾಲೆಯಿಂದ ಕಲಿಯಬೇಕಾಯಿತು.

ಎರಡನೆಯದು ಭಾರ ತಡೆದುಕೊಳ್ಳುವುದು. ಬಸ್ಸು ಗಕ್ಕನೆ ಮುಂದಕ್ಕೆ ಹೊರಟಾಗ ನಿಮ್ಮ ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ ಅಲ್ಲವೇ? ರಾಕೆಟ್‌ನಲ್ಲಿ ಈ ಒತ್ತು ಬಹಳ ಹೆಚ್ಚು. ಸೋಯುಜ್ ನೌಕೆ ಭೂಮಿಗೆ ಮರಳುವಾಗ ಒಳಗಿರುವವರಿಗೆ ತಮ್ಮ ಮೈ ಸುಮಾರು 4 ಪಟ್ಟು ಭಾರವಾದಂತೆ ಅನಿಸುತ್ತದೆ. ನಿಮ್ಮ ತೂಕ 30 ಕಿಲೋ ಎಂದಿಟ್ಟುಕೊಳ್ಳಿ. ಆಗ 120 ಕಿಲೋ ಆದಂತೆ! ಕೈ ಎತ್ತುವುದೇ ಕಷ್ಟ, ಉಸಿರೆಳೆಯುವುದೂ ಕಷ್ಟ. ಇದನ್ನು ಅಭ್ಯಾಸ ಮಾಡಿಸಲು ಒಂದು ಉದ್ದನೆಯ ತೋಳಿನ ತುದಿಯಲ್ಲಿ ಚಿಕ್ಕ ಕೋಣೆ ಕಟ್ಟಿ, ಅದರಲ್ಲಿ ಪೈಲಟ್‌ನನ್ನು ಕೂರಿಸಿ ಗರಗರನೆ ತಿರುಗಿಸುತ್ತಾರೆ. ಇಂಥ ಯಂತ್ರ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿಯೂ ಇದೆ.

ಮೂರನೆಯದು ತೇಲುವುದು. ಬಾಹ್ಯಾಕಾಶದಲ್ಲಿ ಗುರುತ್ವ ಇಲ್ಲವೇ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. 400 ಕಿಲೋಮೀಟರ್ ಎತ್ತರದಲ್ಲಿಯೂ ಗುರುತ್ವ ನೆಲದ ಮೇಲಿರುವುದರಲ್ಲಿ ಸುಮಾರು ನೂರಕ್ಕೆ 90 ಪಾಲು ಇರುತ್ತದೆ. ಹಾಗಾದರೆ ತೇಲುವುದೇಕೆ? ನೌಕೆಯೂ ಅದರೊಳಗಿನವರೂ ಜೊತೆಜೊತೆಗೇ ಭೂಮಿಯ ಕಡೆಗೆ ಬೀಳುತ್ತಿರುತ್ತಾರೆ. ಆದರೆ ಪಕ್ಕಕ್ಕೆ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗ ಇರುವುದರಿಂದ ನೆಲಕ್ಕೆ ತಾಗದೆ ಭೂಮಿಯ ಸುತ್ತಲೇ ಬೀಳುತ್ತಾ ಹೋಗುತ್ತಾರೆ. ಈ ವೇಗದಲ್ಲಿ ಹೋದರೆ ಬೆಂಗಳೂರಿನಿಂದ ಮೈಸೂರಿಗೆ 20 ಸೆಕೆಂಡು ಸಾಕು! ತೇಲುವುದನ್ನು ಅಭ್ಯಾಸ ಮಾಡಿಸಲು ದೊಡ್ಡ ವಿಮಾನವನ್ನು ಮೇಲಕ್ಕೇರಿಸಿ, ಎಸೆದ ಚೆಂಡಿನ ದಾರಿಯಲ್ಲಿ ಬಾಗಿಸಿ ಇಳಿಸುತ್ತಾರೆ. ಆಗ ಒಳಗಿರುವವರು 20–25 ಸೆಕೆಂಡು ತೇಲುತ್ತಾರೆ.

ಇವಲ್ಲದೆ ನೌಕೆ ಗುರಿ ತಪ್ಪಿ ಹಿಮದ ಕಾಡಿನಲ್ಲೋ ನೀರಿನಲ್ಲೋ ಇಳಿದರೆ ಬದುಕಿಕೊಳ್ಳುವ ಅಭ್ಯಾಸವೂ ಇರುತ್ತದೆ. ನೌಕೆಯಂತೆಯೇ ಇರುವ ನೆಲದ ಮೇಲಿನ ಮಾದರಿಯಲ್ಲಿ ಕುಳಿತು, ಒಂದೊಂದೇ ತೊಂದರೆಯನ್ನು ಬೇಕೆಂದೇ ಹುಟ್ಟಿಸಿ, ಅದನ್ನು ಬಿಡಿಸುವ ಅಭ್ಯಾಸವೂ ಇರುತ್ತದೆ.

ಇಲ್ಲೊಂದು ವಿಷಯವನ್ನು ಗಮನಿಸಿ. ಸೋಯುಜ್ ನೌಕೆಯ ಆಸನದ ಮೇಲೆ ಕೂರಿಸುವ ಅಚ್ಚನ್ನು ಆಯಾ ಗಗನಯಾತ್ರಿಯ ಬೆನ್ನಿನ ಅಳತೆಗೇ ಎರಕ ಹೊಯ್ದು ಮಾಡುತ್ತಾರೆ. ನೌಕೆ ನೆಲಕ್ಕೆ ಬಡಿದಾಗ ಬೆನ್ನುಮೂಳೆಗೆ ಪೆಟ್ಟಾಗದಿರಲಿ ಎಂದು ಈ ಏರ್ಪಾಡು. ಒಬ್ಬರ ಅಚ್ಚು ಇನ್ನೊಬ್ಬರಿಗೆ ಹೊಂದುವುದಿಲ್ಲ. ಹಾಗಾಗಿ ಮೀಸಲು ಗಗನಯಾತ್ರಿಗೂ ಅವರದೇ ಅಚ್ಚು, ಅವರದೇ ಅಳತೆಯ ಉಡುಪು ಬೇಕು. ಬಳಕೆಗೆ ಬಂದರೂ ಬಾರದಿದ್ದರೂ ಎಲ್ಲವೂ ಸಿದ್ಧವಾಗಿರಬೇಕು.

1984ರ ಏಪ್ರಿಲ್ 3

ಹಾರುವವರು ರಾಕೇಶ್ ಶರ್ಮಾ, ಮೀಸಲು ರವೀಶ್ ಮಲ್ಹೋತ್ರಾ ಎಂದು ತೀರ್ಮಾನವಾಯಿತು. 1984ರ ಏಪ್ರಿಲ್ 3ರಂದು ಬೈಕನೂರ್ ಉಡಾವಣಾ ಕೇಂದ್ರದಿಂದ ಸೋಯುಜ್ ಟಿ–11 ಹಾರಿತು. ಯೂರಿ ಮಲಿಶೆವ್, ಗೆನ್ನಾದಿ ಸ್ತ್ರೆಕಾಲೊವ್ ಮತ್ತು ರಾಕೇಶ್ ಶರ್ಮಾ ಅದರೊಳಗಿದ್ದರು. ಮರುದಿನ ನೌಕೆ ಸಲ್ಯೂತ್–7 ಎಂಬ ಬಾಹ್ಯಾಕಾಶ ನಿಲ್ದಾಣವನ್ನು ಸೇರಿತು. ಶರ್ಮಾ ಅಲ್ಲಿಂದ ನಮ್ಮ ದೇಶದ ನೆಲದ ಚಿತ್ರಗಳನ್ನು ತೆಗೆದರು. ತೂಕವಿಲ್ಲದ ಸ್ಥಿತಿಯಲ್ಲಿ ಯೋಗಾಸನದ ಪ್ರಯೋಗ ಮಾಡಿದರು. ಅವರಿಗಾಗಿ ಭಾರತದ ತಿನಿಸುಗಳನ್ನು ತಯಾರಿಸಿ ಕೊಟ್ಟದ್ದು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ. ಏಪ್ರಿಲ್ 11ರಂದು ಅವರು ಸುರಕ್ಷಿತವಾಗಿ ಮರಳಿದರು.

ದೇಶವೇ ಸಂಭ್ರಮಿಸಿತು. ಶಾಲೆಗಳ ಗೋಡೆಯ ಮೇಲೆ ರಾಕೇಶ್ ಶರ್ಮಾ ಅವರ ಚಿತ್ರ ಬಂದಿತು. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಅವರ ಹೆಸರು ಬಂದಿತು. ಸರ್ಕಾರ ಅವರಿಗೆ ಅಶೋಕ ಚಕ್ರ ನೀಡಿತು. ರವೀಶ್ ಮಲ್ಹೋತ್ರಾ ಅವರಿಗೆ 1985ರಲ್ಲಿ ಕೀರ್ತಿ ಚಕ್ರ ಬಂದಿತು. ಆದರೆ “ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯ ಯಾರು?” ಎಂಬ ಪ್ರಶ್ನೆಗೆ ಅವರ ಹೆಸರು ಉತ್ತರವಾಗುವುದಿಲ್ಲ. ಅವರು ಬಾಹ್ಯಾಕಾಶಕ್ಕೆ ಮುಂದೆ ಎಂದೂ ಹೋಗಲಿಲ್ಲ.

ಸ್ಟೆಪ್ನಿಯ ವಿಜ್ಞಾನ

“ಹೋಗದಿದ್ದ ಮೇಲೆ ಅಷ್ಟೆಲ್ಲ ಕಲಿತದ್ದು ವ್ಯರ್ಥವಲ್ಲವೇ?” ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಆಟೋರಿಕ್ಷಾದಲ್ಲಿದೆ.

ಆಟೋದ ಸ್ಟೆಪ್ನಿ ಚಕ್ರವನ್ನು ನೋಡಿದ್ದೀರಿ. ಎಷ್ಟೋ ದಿನ ಅದು ರಸ್ತೆಗೆ ಇಳಿಯುವುದೇ ಇಲ್ಲ. ಹಾಗೆಂದು ಯಾವ ಚಾಲಕರೂ ಅದನ್ನು ತೆಗೆದು ಎಸೆಯುವುದಿಲ್ಲ. ಸ್ಟೆಪ್ನಿ ಇದೆ ಎಂಬ ಧೈರ್ಯದಿಂದಲೇ ಅವರು ದೂರದ ಬಾಡಿಗೆ ಒಪ್ಪಿಕೊಳ್ಳುತ್ತಾರೆ. ಎಂದರೆ, ಬಳಕೆಗೆ ಬಾರದ ದಿನವೂ ಅದು ಕೆಲಸ ಮಾಡುತ್ತಿರುತ್ತದೆ.

ಬಾಹ್ಯಾಕಾಶ ಎಂಜಿನಿಯರುಗಳು ಇದೇ ನಿಯಮವನ್ನು ಎಲ್ಲೆಡೆ ಪಾಲಿಸುತ್ತಾರೆ. ದಾರಿಯಲ್ಲಿ ರಿಪೇರಿ ಅಂಗಡಿ ಇಲ್ಲದ ಕಡೆಗೆ ಹೋಗುವಾಗ ಮುಖ್ಯವಾದ ಪ್ರತಿಯೊಂದಕ್ಕೂ ಬದಲಿ ಇರಬೇಕು. 2013ರ ನವೆಂಬರ್ 5ರಂದು ಇಸ್ರೋ ಮಂಗಳಯಾನವನ್ನು ಹಾರಿಸಿತು. ಸುಮಾರು 300 ದಿನ ಅದರ ಮುಖ್ಯ ಎಂಜಿನ್ ಸುಮ್ಮನಿತ್ತು. ಮಂಗಳ ಗ್ರಹ ಹತ್ತಿರವಾದಾಗ ಎಂಜಿನ್ ಹೊತ್ತಿಕೊಳ್ಳದಿದ್ದರೆ? ಅದಕ್ಕಾಗಿ 8 ಚಿಕ್ಕ ಎಂಜಿನ್‌ಗಳನ್ನು ಬಳಸುವ ಬದಲಿ ಯೋಜನೆಯೊಂದು ಸಿದ್ಧವಿತ್ತು. 2014ರ ಸೆಪ್ಟೆಂಬರ್ 24ರಂದು ಮುಖ್ಯ ಎಂಜಿನ್ ಸರಿಯಾಗಿ ಕೆಲಸ ಮಾಡಿತು. ಬದಲಿ ಯೋಜನೆ ಬೇಕಾಗಲಿಲ್ಲ. ಅದನ್ನು ರೂಪಿಸಿದವರ ದುಡಿಮೆ ವ್ಯರ್ಥವಾಯಿತೆಂದು ಯಾರೂ ಹೇಳಲಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ಇಂದಿನ ನೌಕೆಗಳನ್ನು ಬಹುತೇಕ ಗಣಕಯಂತ್ರವೇ ನಡೆಸುತ್ತದೆ. ಒಳಗೆ ಕೂತ ಪೈಲಟ್ ತೆರೆಯ ಮೇಲಿನ ಅಂಕಿಗಳನ್ನು ಗಮನಿಸುತ್ತಾ, ಗಣಕಯಂತ್ರ ತಪ್ಪಿದರೆ ತಾನು ಕೈಗೆತ್ತಿಕೊಳ್ಳಲು ಸಿದ್ಧನಾಗಿರುತ್ತಾನೆ. ಎಂದರೆ ಗಣಕಯಂತ್ರಕ್ಕೆ ಪೈಲಟ್ ಮೀಸಲು. ಆ ಪೈಲಟ್‌ಗೆ ನೆಲದ ಮೇಲಿರುವವರು ಮೀಸಲು!

ಆದರೆ ಸ್ಟೆಪ್ನಿಗೂ ಮನುಷ್ಯನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸ್ಟೆಪ್ನಿ ಸುಮ್ಮನೆ ಕೂರಬಹುದು. ಮೀಸಲು ಪೈಲಟ್ ಸುಮ್ಮನೆ ಕೂರುವಂತಿಲ್ಲ. ಹೋಗುವುದು ಖಚಿತವಿಲ್ಲದಿದ್ದರೂ, ನಾಳೆಯೇ ಹೋಗುವವರಷ್ಟು ಶ್ರದ್ಧೆಯಿಂದ ಅವರು ದಿನವೂ ಅಭ್ಯಾಸ ಮಾಡಬೇಕು. ಅವರ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ ಇದೇ.

ಕೊನೆಯ ಗಳಿಗೆಯಲ್ಲಿ ಬದಲಾದ ಪೈಲಟ್

ಮೀಸಲು ಪೈಲಟ್ ನಿಜವಾಗಿಯೂ ಬೇಕಾದ ಸಂದರ್ಭ ಇದೆಯೇ? ಇದೆ. ಅದಕ್ಕಾಗಿ ಅಮೆರಿಕದ ಒಂದು ಘಟನೆ ಕೇಳಿ.

1970ರ ಏಪ್ರಿಲ್ 11ರಂದು ಅಪೋಲೋ–13 ಚಂದ್ರನ ಕಡೆಗೆ ಹೊರಡಬೇಕಿತ್ತು. ಅದಕ್ಕೆ ಕೆಲವೇ ದಿನ ಮುಂಚೆ ಮೀಸಲು ತಂಡದ ಒಬ್ಬರಿಗೆ ರುಬೆಲ್ಲಾ ಜ್ವರ ಬಂದಿತು. ಶಾಲೆಯಲ್ಲಿ ನಿಮಗೆ ‘ದಡಾರ–ರುಬೆಲ್ಲಾ ಲಸಿಕೆ’ ಹಾಕಿರಬಹುದು, ಅದೇ ರುಬೆಲ್ಲಾ. ಅವರೊಂದಿಗೆ ಓಡಾಡಿದ್ದ ಮುಖ್ಯ ತಂಡದ ಕೆನ್ ಮ್ಯಾಟಿಂಗ್ಲಿಗೆ ಆ ರೋಗವನ್ನು ತಡೆಯುವ ಶಕ್ತಿ ಇಲ್ಲವೆಂದು ರಕ್ತ ಪರೀಕ್ಷೆಯಿಂದ ತಿಳಿಯಿತು. ಬಾಹ್ಯಾಕಾಶದಲ್ಲಿ ಜ್ವರ ಬಂದರೆ ಗತಿ ಏನು? ಅವರನ್ನು ಬಿಟ್ಟು, ಮೀಸಲು ತಂಡದ ಜ್ಯಾಕ್ ಸ್ವಿಗರ್ಟ್‌ರನ್ನು ಕಳುಹಿಸಲಾಯಿತು. ಸ್ವಿಗರ್ಟ್ ಅಷ್ಟು ದಿನ “ನಾನೇನು ಹೋಗುವುದಿಲ್ಲವಲ್ಲ” ಎಂದು ಅಸಡ್ಡೆ ಮಾಡಿದ್ದರೆ ಹಾರಾಟವೇ ನಿಂತುಹೋಗುತ್ತಿತ್ತು.

ಎರಡು ದಿನಗಳ ನಂತರ, ಭೂಮಿಯಿಂದ ಸುಮಾರು 3,20,000 ಕಿಲೋಮೀಟರ್ ದೂರದಲ್ಲಿ ನೌಕೆಯ ಆಮ್ಲಜನಕದ ಟ್ಯಾಂಕೊಂದು ಸಿಡಿಯಿತು. ಚಂದ್ರನ ಮೇಲೆ ಇಳಿಯುವ ಮಾತು ಬಿಟ್ಟು ಬದುಕಿ ಬರುವುದೇ ದೊಡ್ಡದಾಯಿತು. ವಿದ್ಯುತ್ ಉಳಿಸಲು ಮುಖ್ಯ ನೌಕೆಯನ್ನು ಪೂರ್ತಿ ಆರಿಸಿದರು. ಕೊನೆಯಲ್ಲಿ ಉಳಿದ ಅಷ್ಟೇ ಬ್ಯಾಟರಿಯಿಂದ ಅದನ್ನು ಮತ್ತೆ ಎಬ್ಬಿಸಬೇಕಿತ್ತು. ಯಾವ ಸ್ವಿಚ್ಚು ಮೊದಲು, ಯಾವುದು ನಂತರ? ಇದನ್ನು ಕಂಡುಹಿಡಿಯಲು ನೆಲದ ಮೇಲಿದ್ದ ಎಂಜಿನಿಯರುಗಳ ಜೊತೆ ಹಗಲಿರುಳು ದುಡಿದವರಲ್ಲಿ, ಹೋಗಲಾರದೆ ಉಳಿದಿದ್ದ ಮ್ಯಾಟಿಂಗ್ಲಿಯೂ ಒಬ್ಬರು. ಏಪ್ರಿಲ್ 17ರಂದು ಮೂವರೂ ಜೀವಂತವಾಗಿ ಮರಳಿದರು. ಮ್ಯಾಟಿಂಗ್ಲಿಗೆ ಕೊನೆಗೂ ರುಬೆಲ್ಲಾ ಬರಲೇ ಇಲ್ಲ! ಎರಡು ವರ್ಷದ ನಂತರ, 1972ರಲ್ಲಿ, ಅವರು ಅಪೋಲೋ–16ರಲ್ಲಿ ಚಂದ್ರನವರೆಗೆ ಹೋಗಿ ಬಂದರು.

ಸರದಿಯೇ ಬರದವರು

ಮ್ಯಾಟಿಂಗ್ಲಿಗೆ ಎರಡನೆಯ ಅವಕಾಶ ಸಿಕ್ಕಿತು. ಎಲ್ಲರಿಗೂ ಹಾಗೆ ಸಿಗುವುದಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡಬಾರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಇಸ್ರೋ ಎಂಜಿನಿಯರ್ ನಾಗಪತಿ ಚಿದಂಬರ ಭಟ್ ಅವರ ಹೆಸರನ್ನು ಕೇಳಿದ್ದೀರಾ? 1985ರಲ್ಲಿ ಅವರು ಮತ್ತು ಇಸ್ರೋದ ಪಿ. ರಾಧಾಕೃಷ್ಣನ್ ಅಮೆರಿಕದ ಬಾಹ್ಯಾಕಾಶ ಶಟಲ್‌ನಲ್ಲಿ ಹೋಗಲು ಆಯ್ಕೆಯಾದರು. ಇಬ್ಬರಲ್ಲಿ ಒಬ್ಬರು ಇನ್‌ಸ್ಯಾಟ್–1ಸಿ ಉಪಗ್ರಹದ ಜೊತೆ 1986ರಲ್ಲಿ ಹಾರಬೇಕಿತ್ತು. ಆದರೆ 1986ರ ಜನವರಿ 28ರಂದು ಚಾಲೆಂಜರ್ ಶಟಲ್ ಮೇಲೇರಿದ 73 ಸೆಕೆಂಡುಗಳಲ್ಲಿ ನಾಶವಾಯಿತು. ಅದರಲ್ಲಿದ್ದ ಏಳು ಮಂದಿಯೂ ತೀರಿಕೊಂಡರು. ಅವರಲ್ಲಿ ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲಾ ಶಿಕ್ಷಕಿಯೂ ಇದ್ದರು. ಮುಂದಿನ ಹಾರಾಟಗಳೆಲ್ಲ ನಿಂತವು. ಇನ್‌ಸ್ಯಾಟ್–1ಸಿ ಉಪಗ್ರಹ 1988ರಲ್ಲಿ ಬೇರೊಂದು ರಾಕೆಟ್‌ನಲ್ಲಿ ಹೋಯಿತು. ಅದರ ಜೊತೆ ಹೋಗಬೇಕಿದ್ದವರು ಹೋಗಲಿಲ್ಲ.

ರವೀಶ್ ಮಲ್ಹೋತ್ರಾ ಅವರ ಸರದಿಯೂ ಬರಲಿಲ್ಲ. ಅವರು ವಾಯುಪಡೆಗೆ ಮರಳಿದರು. ದೆಹಲಿಯ ಹತ್ತಿರದ ಹಿಂಡನ್ ವಾಯುನೆಲೆಯ ಮುಖ್ಯಸ್ಥರಾದರು. ಏರ್ ಕಮೋಡೋರ್ ಹುದ್ದೆಯವರೆಗೆ ಏರಿದರು. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ, ವಿಮಾನದ ಭಾಗಗಳನ್ನು ತಯಾರಿಸುವ ಉದ್ಯಮದಲ್ಲಿ ದುಡಿದರು. ರಾಕೆಟ್ ಏರದಿದ್ದರೂ ಅವರ ಬದುಕು ಅಲ್ಲಿಗೆ ನಿಲ್ಲಲಿಲ್ಲ. ಕಲಿತ ವಿದ್ಯೆ ಅವರ ಕೈಯಲ್ಲಿತ್ತು, ಮಾಡಲು ಕೆಲಸವಿತ್ತು.

41 ವರ್ಷಗಳ ನಂತರ ಮತ್ತೆ ಇಬ್ಬರು

ಭಾರತೀಯ ಪೌರರೊಬ್ಬರು ಮತ್ತೆ ಭೂಮಿಯ ಕಕ್ಷೆಗೆ ಹೋಗಲು 41 ವರ್ಷ ಕಾಯಬೇಕಾಯಿತು. ಈ ಬಾರಿ ನಮ್ಮದೇ ‘ಗಗನಯಾನ’ದ ಸಿದ್ಧತೆ ಶುರುವಾಗಿತ್ತು. 2019ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಇಸ್ರೋದ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಆರಂಭವಾಯಿತು. ವಾಯುಪಡೆಯ ಪರೀಕ್ಷಾ ಪೈಲಟ್‌ಗಳನ್ನು ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಪರೀಕ್ಷಿಸಲಾಯಿತು. ಕೊನೆಗೆ ಉಳಿದವರು ನಾಲ್ವರು: ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್ ಮತ್ತು ಶುಭಾಂಶು ಶುಕ್ಲಾ. ಇವರು 2020ರಿಂದ 2021ರವರೆಗೆ ರಷ್ಯಾದಲ್ಲಿ, ರಾಕೇಶ್ ಶರ್ಮಾ ಮತ್ತು ಮಲ್ಹೋತ್ರಾ ಕಲಿತ ಅದೇ ಗಗಾರಿನ್ ಕೇಂದ್ರದಲ್ಲಿ ತರಬೇತಿ ಪಡೆದರು. ನಂತರ ಬೆಂಗಳೂರಿನಲ್ಲಿ ತರಬೇತಿ ಮುಂದುವರಿಯಿತು. 2024ರ ಫೆಬ್ರವರಿ 27ರಂದು ಅವರ ಹೆಸರುಗಳನ್ನು ದೇಶಕ್ಕೆ ತಿಳಿಸಲಾಯಿತು.

ಅಷ್ಟರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವ ‘ಆಕ್ಸಿಯಂ–4’ ಯಾನದಲ್ಲಿ ಭಾರತಕ್ಕೆ ಒಂದು ಆಸನ ದೊರೆಯಿತು. ಮತ್ತೆ ಒಂದೇ ಆಸನ, ಇಬ್ಬರು ಪೈಲಟ್‌ಗಳು! ಶುಕ್ಲಾ ಹಾರುವವರು, ನಾಯರ್ ಮೀಸಲು. ಈ ಬಾರಿಯೂ ಮೀಸಲಾದವರೇ ಹಿರಿಯರು. ನಾಯರ್ ಅವರಿಗೆ ಸುಮಾರು 3,000 ಗಂಟೆ ವಿಮಾನ ಹಾರಿಸಿದ ಅನುಭವವಿತ್ತು; ಶುಕ್ಲಾ ಅವರಿಗೆ ಸುಮಾರು 2,000 ಗಂಟೆ. 2024ರ ಆಗಸ್ಟ್‌ನಿಂದ ಇಬ್ಬರೂ ಅಮೆರಿಕದಲ್ಲಿ ಒಟ್ಟಿಗೆ ಸಿದ್ಧರಾದರು.

ಉಡಾವಣೆಯ ದಿನ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಒಮ್ಮೆ ರಾಕೆಟ್‌ನಲ್ಲಿ ದ್ರವ ಆಮ್ಲಜನಕ ಸೋರುವುದು ಕಂಡುಬಂದಿತು. ಅದನ್ನು ಸರಿಪಡಿಸುವವರೆಗೆ ಕಾಯಬೇಕಾಯಿತು. ಹೀಗೆ ದಿನ ಮುಂದೆ ಹೋದಂತೆಲ್ಲ ಹಾರುವವರ ಜೊತೆ ಮೀಸಲು ಪೈಲಟ್ ಕೂಡ ಸಿದ್ಧವಾಗಿಯೇ ಇರಬೇಕು. 2025ರ ಜೂನ್ 25ರಂದು ಶುಕ್ಲಾ ಆ ನೌಕೆಯ ಪೈಲಟ್ ಆಗಿ ಹಾರಿದರು. ಮರುದಿನ ನಿಲ್ದಾಣ ಸೇರಿದರು. ಅವರು ಅಲ್ಲಿ ಮಾಡಿದ ಪ್ರಯೋಗಗಳಲ್ಲಿ ಹೆಸರುಕಾಳು ಮತ್ತು ಮೆಂತ್ಯ ಮೊಳಕೆ ಬರಿಸುವುದೂ ಒಂದು. ಅದನ್ನು ರೂಪಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳು. ಜುಲೈ 15ರಂದು ಶುಕ್ಲಾ ಮರಳಿದರು. ಪ್ರಶಾಂತ್ ನಾಯರ್ ನೆಲದ ಮೇಲೇ ಉಳಿದರು.

ಆದರೆ ನಾಯರ್ ಅವರ ಕಥೆ ಮುಗಿದಿಲ್ಲ. ಗಗನಯಾನದ ಯೋಜನೆಯಂತೆ ಮೂವರವರೆಗೆ ಗಗನಯಾತ್ರಿಗಳನ್ನು 400 ಕಿಲೋಮೀಟರ್ ಎತ್ತರಕ್ಕೆ ಕಳುಹಿಸಿ ಮೂರು ದಿನಗಳ ನಂತರ ಮರಳಿ ಕರೆತರಬೇಕು. ತರಬೇತಾದವರು ನಾಲ್ವರು, ಆಸನ ಮೂರು. ಲೆಕ್ಕ ನೀವೇ ಹಾಕಿ. ಎಲ್ಲ ಆಸನ ತುಂಬಿದರೂ ಒಬ್ಬರಾದರೂ ಮತ್ತೆ ನೆಲದ ಮೇಲೆ ಉಳಿಯಬೇಕು. ಇದು ನಾಲ್ವರಿಗೂ ಗೊತ್ತು. ಆದರೂ ನಾಲ್ವರೂ ಅದೇ ತರಬೇತಿ ಪಡೆದರು.

ಆ ಹುಡುಗಿಗೆ ಉತ್ತರ

“ಅವರು ಯಾಕೆ ಹೋಗ್ಲಿಲ್ಲ?” ಎಂದು ಕೇಳಿದ್ದಳು. ಆಸನ ಒಂದೇ ಇತ್ತು, ಅದಕ್ಕೆ. “ಆಮೇಲೆ ಏನಾದ್ರು?” ಎಂದೂ ಕೇಳಿದ್ದಳು. ತಮ್ಮ ಕೆಲಸ ಮುಂದುವರಿಸಿದರು.

ಹೋಗಲಿಲ್ಲವೆಂದು ಅವರಿಗೆ ಬೇಸರವೇ ಆಗಿರಲಿಲ್ಲ ಎಂದು ನಾನು ಹೇಳಲಾರೆ. ಅಷ್ಟು ಕಲಿತವರಿಗೆ ಹಾರುವ ಆಸೆ ಇಲ್ಲದಿರುತ್ತದೆಯೇ? ಕಬಡ್ಡಿ ತಂಡದಲ್ಲಿ ಆಡುವವರು 7 ಮಂದಿ, ಪಟ್ಟಿಯಲ್ಲಿರುವವರು 12. ಹೊರಗೆ ಕೂತ ಐವರಿಗೂ ಆಡುವ ಆಸೆ ಇದ್ದೇ ಇರುತ್ತದೆ. ಆದರೆ ಒಳಗೆ ಆಡುವವರು ಧೈರ್ಯವಾಗಿ ರೈಡಿಗೆ ಹೋಗುವುದು ಆ ಐವರು ಇದ್ದಾರೆಂಬ ನಂಬಿಕೆಯಿಂದಲೇ. ದಿನವೂ ಅಭ್ಯಾಸದಲ್ಲಿ ಅವರೆದುರು ನಿಂತು ಅವರನ್ನು ಗಟ್ಟಿ ಮಾಡುವವರೂ ಆ ಐವರೇ.

ಇನ್ನು ಮುಂದೆ ಜಕ್ಕೂರಿನ ಕಡೆಯಿಂದ ಪುಟ್ಟ ವಿಮಾನ ಹಾರಿದಾಗಲೋ, ಟಿವಿಯಲ್ಲಿ ರಾಕೆಟ್ ಮೇಲೇರುವಾಗಲೋ, ಒಳಗೆ ಕೂತವರ ಹೆಸರಿನ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: “ಇವರಿಗೆ ಮೀಸಲಾಗಿ ಸಿದ್ಧರಾದವರು ಯಾರು?” ನಿಮ್ಮ ನೋಟ್ ಪುಸ್ತಕದಲ್ಲಿ ರಾಕೇಶ್ ಶರ್ಮಾ ಎಂದು ಬರೆದಿರುವ ಕಡೆ, ಅದರ ಕೆಳಗೆ ರವೀಶ್ ಮಲ್ಹೋತ್ರಾ ಎಂದೂ ಬರೆಯಿರಿ. ಶುಭಾಂಶು ಶುಕ್ಲಾ ಎಂಬುದರ ಕೆಳಗೆ ಪ್ರಶಾಂತ್ ನಾಯರ್ ಎಂದು ಬರೆಯಿರಿ.

ಮಾಡಿ ನೋಡಿ

1. ಬೀಳುವಾಗ ತೂಕವಿಲ್ಲ: ಒಂದು ಹಳೆಯ ಪ್ಲಾಸ್ಟಿಕ್ ಬಾಟಲಿಯ ಕೆಳಭಾಗದ ಬದಿಯಲ್ಲಿ ಸಣ್ಣ ತೂತು ಮಾಡಿ (ತೂತು ಮಾಡಲು ದೊಡ್ಡವರ ಸಹಾಯ ಪಡೆಯಿರಿ). ತೂತನ್ನು ಬೆರಳಿನಿಂದ ಮುಚ್ಚಿ ನೀರು ತುಂಬಿ. ಮುಚ್ಚಳ ಹಾಕಬೇಡಿ. ಬಯಲಿನಲ್ಲಿ ನಿಂತು ಬೆರಳು ತೆಗೆಯಿರಿ, ನೀರು ಚಿಮ್ಮುತ್ತದೆ. ಈಗ ಬಾಟಲಿಯನ್ನು ಎತ್ತರದಿಂದ ನೇರವಾಗಿ ಕೈಬಿಡಿ. ಬೀಳುತ್ತಿರುವಷ್ಟು ಹೊತ್ತು ನೀರು ಚಿಮ್ಮುವುದು ನಿಲ್ಲುತ್ತದೆ. ಬಾಟಲಿ ಮತ್ತು ನೀರು ಒಟ್ಟಿಗೇ ಬೀಳುತ್ತಿರುವುದರಿಂದ ನೀರು ಬಾಟಲಿಯನ್ನು ಒತ್ತುವುದಿಲ್ಲ. ಗಗನಯಾತ್ರಿಗಳು ತೇಲುವುದೂ ಇದೇ ಕಾರಣದಿಂದ.

2. ನಿಮ್ಮ ಕೈ ಎಷ್ಟು ಚುರುಕು?: ಗೆಳೆಯರೊಬ್ಬರು 30 ಸೆಂಟಿಮೀಟರ್ ಅಳತೆಪಟ್ಟಿಯನ್ನು, ಸೊನ್ನೆಯ ತುದಿ ಕೆಳಗೆ ಬರುವಂತೆ ನೇರವಾಗಿ ಹಿಡಿಯಲಿ. ಸೊನ್ನೆಯ ಹತ್ತಿರ ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳನ್ನು ಮುಟ್ಟದಂತೆ ಇರಿಸಿ. ಅವರು ಹೇಳದೆ ಕೈಬಿಟ್ಟಾಗ ಹಿಡಿಯಿರಿ. 10 ಸೆಂ.ಮೀ.ನಲ್ಲಿ ಹಿಡಿದರೆ ನಿಮಗೆ ಬೇಕಾದ ಸಮಯ ಸುಮಾರು 0.14 ಸೆಕೆಂಡು, 15 ಸೆಂ.ಮೀ. ಆದರೆ 0.17, 20 ಸೆಂ.ಮೀ. ಆದರೆ 0.20, 30 ಸೆಂ.ಮೀ. ಆದರೆ 0.25. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಒಂದು ವಾರ ದಿನವೂ ಅಭ್ಯಾಸ ಮಾಡಿ ಮತ್ತೆ ಅಳೆಯಿರಿ. ಅಭ್ಯಾಸದಿಂದ ಏನಾದರೂ ಬದಲಾಯಿತೇ? ಪರೀಕ್ಷಾ ಪೈಲಟ್‌ನಂತೆ, ಅನಿಸಿದ್ದನ್ನು ಬರೆಯದೆ ಅಳೆದದ್ದನ್ನು ಬರೆಯಿರಿ.